7 ದಿನದ ಟೀಮು, 28 ದಿನದ ಕಾಂಕ್ರೀಟು: ಮಿಷನ್ ಟ್ರಿಪ್ಪಿನಲ್ಲಿ ಕಟ್ಟಡ ಹೇಗೆ ಏಳುತ್ತದೆ?

ಹೋದ ತಿಂಗಳು ಟೆಕ್ಸಾಸಿನಲ್ಲಿರುವ ಗೆಳತಿ ಫೋನ್ ಮಾಡಿದ್ದಳು. ಅವಳ ಮಗಳು 11ನೇ ಕ್ಲಾಸು. ಜೊತೆಗೆ ಓದುವ ಹುಡುಗಿಯೊಬ್ಬಳು "ರಜೆಯಲ್ಲಿ ನಮ್ಮ ಚರ್ಚಿನವರು ಗ್ವಾಟೆಮಾಲಾಗೆ ಹೋಗಿ ಮನೆ ಕಟ್ಟಿಕೊಟ್ಟು ಬರ್ತೀವಿ, ನೀನೂ ಬಾ" ಅಂತ ಕರೆದಿದ್ದಾಳೆ. ಮಗಳಿಗೆ ಹೋಗುವ ಆಸೆ. ಅಮ್ಮನಿಗೆ ಪ್ರಶ್ನೆಗಳ ಮೇಲೆ ಪ್ರಶ್ನೆ. "ಅಲ್ಲ ಕಣೇ, ಕರಣೆ ಹಿಡಿದು ಗೊತ್ತಿಲ್ಲದ ಮಕ್ಕಳು ಒಂದು ವಾರದಲ್ಲಿ ಮನೆ ಕಟ್ತಾರಾ? ಆ ಮನೆ ನಿಲ್ಲುತ್ತಾ? ಕೆಲಸ ಮಾಡೋಕೆ ಹೋಗೋರೇ ದುಡ್ಡು ಕೊಡಬೇಕಂತೆ, ಅದ್ಯಾಕೆ? ನೀನು ಸಿವಿಲ್ ಓದಿದವಳು, ಸರಿಯಾಗಿ ಹೇಳು."

ಫೋನಿನಲ್ಲಿ ಅರ್ಧ ಹೇಳಿದೆ. ಅಮೆರಿಕ, ಕೆನಡಾದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ಮನೆಗಳಿಗೆ ಈ ಪ್ರಶ್ನೆ ಇವತ್ತಲ್ಲ ನಾಳೆ ಬಂದೇ ಬರುತ್ತದೆ ಅಂತ ಆಮೇಲೆ ಅನಿಸಿತು. ಇಲ್ಲೇ ಇರುವ ನಮಗೂ ಇದು ಪೂರ್ತಿ ಹೊಸದಲ್ಲ. ಅದಕ್ಕೇ ಮೊದಲಿನಿಂದ ಬರೆಯುತ್ತಿದ್ದೇನೆ.

## ಮಿಷನ್ ಟ್ರಿಪ್ ಅಂದ್ರೆ ಏನು?

ಮಿಷನರಿ ಅಂದ ಕೂಡಲೇ ನಮಗೆ ನೆನಪಾಗುವುದು ಕಿಟೆಲ್. 1853ರಲ್ಲಿ ಬಂದವರು, ಕನ್ನಡ ಕಲಿತರು, 1894ರಲ್ಲಿ ನಿಘಂಟು ಹೊರಬಂತು. ಅವರನ್ನು ಕಳಿಸಿದ್ದ ಬಾಸೆಲ್ ಮಿಷನ್ 1834ರಲ್ಲೇ ಮಂಗಳೂರಿಗೆ ಕಾಲಿಟ್ಟಿತ್ತು. ಅದೇ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿತು. ನಮ್ಮ ಹಳೇ ಮನೆಗಳ ಮೇಲಿರುವ ಮಂಗಳೂರು ಹಂಚಿನ ಕತೆ ಅಲ್ಲಿಂದ ಶುರು. ಅದೆಲ್ಲ ದಶಕಗಳ ಕೆಲಸ. ಬಂದವರು ಇಲ್ಲಿನ ಭಾಷೆ ಕಲಿತರು, ಇಲ್ಲಿನ ಮಣ್ಣು ಪರೀಕ್ಷೆ ಮಾಡಿದರು, ಕೆಲವರು ಇಲ್ಲೇ ಮಣ್ಣಾದರು.

ಈಗಿನ ಮಿಷನ್ ಟ್ರಿಪ್ ಹಾಗಲ್ಲ. ಇದು 7ರಿಂದ 14 ದಿನದ ಪ್ರವಾಸ. ಚರ್ಚಿನ ಕಡೆಯಿಂದ ಹತ್ತು ಇಪ್ಪತ್ತು ಜನರ ತಂಡ ಹೊರಡುತ್ತದೆ. ಹೈಸ್ಕೂಲ್ ಮಕ್ಕಳು, ನಿವೃತ್ತರು, ಆಫೀಸಿಗೆ ರಜೆ ಹಾಕಿದವರು, ಎಲ್ಲರೂ ಇರುತ್ತಾರೆ. ಮಾರ್ಚಿನ ಸ್ಪ್ರಿಂಗ್ ಬ್ರೇಕ್ ಮತ್ತು ಬೇಸಿಗೆ ರಜೆ ಇದರ ಸೀಸನ್. ಕೆಲವರು ವೈದ್ಯಕೀಯ ಶಿಬಿರ ಮಾಡುತ್ತಾರೆ, ಕೆಲವರು ಮಕ್ಕಳಿಗೆ ಪಾಠ ಹೇಳುತ್ತಾರೆ, ತುಂಬಾ ಜನ ಏನಾದರೂ ಕಟ್ಟುತ್ತಾರೆ. ಮನೆ, ಶಾಲೆಯ ಕೋಣೆ, ಚರ್ಚು, ಶೌಚಾಲಯ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಅವರ ಅಂದಾಜಿನ ಪ್ರಕಾರ ಅಮೆರಿಕದ ಚರ್ಚುಗಳಿಂದ ವರ್ಷಕ್ಕೆ ಸುಮಾರು 16 ಲಕ್ಷ ಜನ ಹೀಗೆ ಬೇರೆ ದೇಶಗಳಿಗೆ ಹೋಗಿ ಬರುತ್ತಾರೆ. ಹತ್ತಿರ ಅನ್ನೋ ಕಾರಣಕ್ಕೆ ಮೆಕ್ಸಿಕೋ, ಗ್ವಾಟೆಮಾಲಾ, ಹೊಂಡುರಾಸ್‌ಗಳಿಗೆ ಹೋಗುವವರು ಜಾಸ್ತಿ.

ನಮ್ಮ ಅನುಭವದಲ್ಲಿ ಇದಕ್ಕೆ ತೀರಾ ಹತ್ತಿರದ್ದು ಅಂದ್ರೆ ಕಾಲೇಜಿನ ಎನ್‌ಎಸ್‌ಎಸ್ ಕ್ಯಾಂಪು. ಅಲ್ಲೂ 7 ದಿನ, ಅಲ್ಲೂ ಶಾಲೆಯ ಕೋಣೆಯಲ್ಲಿ ಮಲಗುವುದು, ಬೆಳಿಗ್ಗೆ ಶ್ರಮದಾನ, ಸಂಜೆ ಹಾಡು, ಕೊನೇ ದಿನ ಊರವರ ಜೊತೆ ಫೋಟೋ. ಮಿಷನ್ ಟ್ರಿಪ್ಪಿನಲ್ಲಿ ಇದರ ಜೊತೆಗೆ ಪ್ರಾರ್ಥನೆ ಸೇರುತ್ತದೆ, ವಿಮಾನ ಸೇರುತ್ತದೆ.

ಧರ್ಮದ ವಿಷಯ ಗೆಳತಿಯೂ ಕೇಳಿದಳು. ಬೆಳಿಗ್ಗೆ ಬೈಬಲ್ ಓದು, ಸಂಜೆ ಪ್ರಾರ್ಥನೆ ಹೆಚ್ಚುಕಡಿಮೆ ಎಲ್ಲ ತಂಡಗಳಲ್ಲೂ ಇರುತ್ತದೆ. ಹೋಗುವ ದೇಶಗಳಲ್ಲಿ ಬಹುಪಾಲು ಜನ ಮೊದಲೇ ಕ್ರೈಸ್ತರು. ಕೆಲವು ತಂಡಗಳಲ್ಲಿ ಮನೆಮನೆಗೆ ಹೋಗಿ ಧರ್ಮದ ಮಾತು ಹೇಳುವುದೂ ಕಾರ್ಯಕ್ರಮದ ಭಾಗ, ಕೆಲವದರಲ್ಲಿ ಬರೀ ಕಟ್ಟಡದ ಕೆಲಸ. ಒಂದೊಂದು ತಂಡದ್ದು ಒಂದೊಂದು ರೀತಿ. ಆದ್ದರಿಂದ ಕೇಳಿಯೇ ತಿಳಿಯಬೇಕು.

## ಇಷ್ಟೆಲ್ಲ ಬಿಟ್ಟು ಕಟ್ಟಡವೇ ಯಾಕೆ?

ಮೊದಲ ಕಾರಣ ಭಾಷೆ. ಸ್ಪ್ಯಾನಿಷ್ ಬರದವರು ಪಾಠ ಹೇಳೋಕಾಗಲ್ಲ. ಡಾಕ್ಟರ್ ಅಲ್ಲದವರು ಔಷಧಿ ಕೊಡೋಕಾಗಲ್ಲ. ಮರಳಿನ ಬಾಂಡ್ಲಿ ಹೊರುವುದಕ್ಕೆ ಭಾಷೆ ಬೇಕಿಲ್ಲ, ಸರ್ಟಿಫಿಕೇಟೂ ಬೇಕಿಲ್ಲ.

ಇನ್ನೊಂದು, ಕಟ್ಟಡ ಕಣ್ಣಿಗೆ ಕಾಣುತ್ತದೆ. ಸೋಮವಾರ ಖಾಲಿ ಜಾಗ, ಶನಿವಾರ ಗೋಡೆ. ದುಡ್ಡು ಕೊಟ್ಟ ಊರಿನವರಿಗೆ ಅದನ್ನು ತೋರಿಸಬಹುದು. ಮೂರನೆಯದು ಅವರ ನಂಬಿಕೆ. ಯೇಸು ಬಡಗಿಯ ಮನೆಯಲ್ಲಿ ಬೆಳೆದವನು. ಕೈಯಿಂದ ಮಾಡುವ ಸೇವೆ ಪ್ರಾರ್ಥನೆಗೆ ಸಮ ಅನ್ನುವುದು ಅವರಲ್ಲಿ ಗಟ್ಟಿಯಾಗಿ ಬೇರೂರಿದ ಮಾತು. ನಮ್ಮಲ್ಲಿ ಕಾಯಕ ಅಂತೀವಲ್ಲ, ಆ ಪದ ಗೊತ್ತಿದ್ದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ಈ ಎಲ್ಲದರ ಜೊತೆಗೆ ನಿಜವಾದ ಅಗತ್ಯವೂ ಇದೆ. ಗ್ವಾಟೆಮಾಲಾದಲ್ಲಿ 1976ರ ಫೆಬ್ರವರಿ 4ರ ಬೆಳಗಿನ ಜಾವ ಭೂಮಿ ನಡುಗಿ ಸುಮಾರು 23,000 ಜನ ಸತ್ತರು. ಹೆಚ್ಚಿನವರು ಮಲಗಿದ್ದಲ್ಲೇ, ಹಸಿ ಇಟ್ಟಿಗೆಯ ಗೋಡೆ ಮೈಮೇಲೆ ಬಿದ್ದು. 1998ರ ಅಕ್ಟೋಬರ್ ಕೊನೆಗೆ ಮಿಚ್ ಚಂಡಮಾರುತ ಬಂದು ಹೊಂಡುರಾಸ್‌ನ ಮೇಲೆ ದಿನಗಟ್ಟಲೆ ಸುರಿಯಿತು. ಗುಡ್ಡಗಳು ಜಾರಿದವು, ಊರುಗಳೇ ಕೊಚ್ಚಿಹೋದವು. ಮಧ್ಯ ಅಮೆರಿಕದಲ್ಲಿ ಸತ್ತವರು ಸುಮಾರು 11,000. ಇಂಥ ಹೊತ್ತಲ್ಲಿ ಚರ್ಚುಗಳು ಸುತ್ತಿಗೆ, ಮೊಳೆ ಹಿಡಿದು ಹೊರಟವು. ಅಲ್ಲಿಂದ ಬೆಳೆದ ನಂಟು ಎಷ್ಟೋ ಕಡೆ ಇನ್ನೂ ಮುಂದುವರಿದಿದೆ.

## ದುಡ್ಡು ಯಾರದ್ದು?

ಹೋಗುವವರದ್ದೇ. ತಲೆಗೆ ಇಷ್ಟು ಅಂತ ತಂಡ ಮೊದಲೇ ಹೇಳುತ್ತದೆ. ಅದರಲ್ಲಿ ವಿಮಾನದ ಟಿಕೆಟ್, ಊಟ, ವಸತಿ, ವಿಮೆ, ಅಲ್ಲಿನ ಬಸ್ಸು, ಆಮೇಲೆ ಸಿಮೆಂಟು ಕಬ್ಬಿಣದ ಖರ್ಚಿನ ಒಂದು ಪಾಲು. ಇಷ್ಟನ್ನೂ ಮನೆಯವರೇ ಕೊಡಬೇಕಂತಿಲ್ಲ. ಮಕ್ಕಳು ಗುರುತಿನವರಿಗೆಲ್ಲ ಕಾಗದ ಬರೆದು ಸಹಾಯ ಕೇಳುತ್ತಾರೆ, ಚರ್ಚಿನ ಅಂಗಳದಲ್ಲಿ ಕಾರು ತೊಳೆಯುತ್ತಾರೆ, ಕೇಕು ಬಿಸ್ಕತ್ತು ಮಾಡಿ ಮಾರುತ್ತಾರೆ. ಗಣೇಶನ ಹಬ್ಬಕ್ಕೆ ರಸೀದಿ ಪುಸ್ತಕ ಹಿಡಿದು ಓಣಿ ಸುತ್ತಿದವರಿಗೆ ಇದು ಹೊಸದೇನಲ್ಲ, ಅಲ್ವಾ?

ಇಲ್ಲಿ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಒಟ್ಟು ಹಣದಲ್ಲಿ ದೊಡ್ಡ ಪಾಲು ಹೋಗುವುದು ಪ್ರಯಾಣಕ್ಕೆ. ಕಟ್ಟಡಕ್ಕೆ ಉಳಿಯುವುದು ಚಿಕ್ಕ ಪಾಲು. ಈ ಮಾತಿಗೆ ಆಮೇಲೆ ಬರುತ್ತೇನೆ.

## ಒಂದು ವಾರದಲ್ಲಿ ಹೇಗೆ ಸಾಧ್ಯ?

ಮೊದಲ ಗುಟ್ಟು: ತಂಡ ಬಂದಾಗ ಕೆಲಸ ಶುರುವಾಗುವುದಿಲ್ಲ. ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಜಾಗ ಯಾರ ಹೆಸರಲ್ಲಿದೆ ಅಂತ ನೋಡುವುದು, ನೆಲ ಸಮ ಮಾಡುವುದು, ಎಷ್ಟೋ ಸಲ ಪಾಯ ತೆಗೆದು ಕಾಂಕ್ರೀಟ್ ಹಾಕುವುದು, ಸಾಮಾನು ತರಿಸಿಡುವುದು ಇದೆಲ್ಲ ಅಲ್ಲಿನ ಸಂಸ್ಥೆ ಮತ್ತು ಅಲ್ಲಿನ ಮೇಸ್ತ್ರಿಗಳ ಕೆಲಸ. ತಂಡ ಬರುವ ಹೊತ್ತಿಗೆ ಕೈಯಿಟ್ಟರೆ ಸಾಕು ಅನ್ನುವ ಸ್ಥಿತಿಯಲ್ಲಿ ಸೈಟು ಸಿದ್ಧವಾಗಿರುತ್ತದೆ. ಒಳ್ಳೆಯ ಸಂಸ್ಥೆಗಳಲ್ಲಂತೂ ಹೀಗೆಯೇ.

ಎರಡನೇ ಗುಟ್ಟು ಕಟ್ಟಡದ ಬಗೆ. ಅಮೆರಿಕದ ಗಡಿಗೆ ಅಂಟಿಕೊಂಡ ಮೆಕ್ಸಿಕೋದ ಊರುಗಳಲ್ಲಿ ಮರದ ಚೌಕಟ್ಟಿನ ಮನೆ ಕಟ್ಟುತ್ತಾರೆ. ನೆಲಕ್ಕೆ ಕಾಂಕ್ರೀಟ್ ಹಾಸು. ಅದರ ಮೇಲೆ ಮರದ ಪಟ್ಟಿಗಳ ಚೌಕಟ್ಟು ನಿಲ್ಲಿಸಿ, ಡಾಂಬರು ಕಾಗದ ಹೊಡೆದು, ಅದರ ಮೇಲೆ ಕೋಳಿಗೂಡಿಗೆ ಹಾಕುವಂಥ ತಂತಿ ಬಲೆ ಬಿಗಿದು, ಬಲೆಯ ಮೇಲೆ ಸಿಮೆಂಟ್ ಗಾರೆ ಮೆತ್ತುತ್ತಾರೆ. ಮೊಳೆ ಹೊಡೆಯುವುದು, ಬಲೆ ಎಳೆಯುವುದು ಮಕ್ಕಳೂ ಬೇಗ ಕಲಿಯುವ ಕೆಲಸ. ಅದಕ್ಕೇ ಇಂಥ ಚಿಕ್ಕ ಮನೆ ಮೂರು ನಾಲ್ಕು ದಿನದಲ್ಲಿ ಎದ್ದು ನಿಲ್ಲುತ್ತದೆ.

ಗ್ವಾಟೆಮಾಲಾ, ಹೊಂಡುರಾಸ್ ಕಡೆ ಟೊಳ್ಳು ಸಿಮೆಂಟ್ ಬ್ಲಾಕಿನ ಮನೆ. ಇದು ನಿಧಾನದ ಕೆಲಸ. ಮೇಲೆ ಆರ್‌ಸಿಸಿ ಹಾಕುವುದು ಅಪರೂಪ, ತಗಡಿನ ಶೀಟೇ ಜಾಸ್ತಿ. ಆರ್‌ಸಿಸಿ ಹಾಕಿದರೆ ಸೆಂಟ್ರಿಂಗ್ ಬಿಚ್ಚೋಕೇ ಒಂದೆರಡು ವಾರ ಕಾಯಬೇಕಲ್ಲ. ಇನ್ನು ಮಾರನಾಥಾ ವಾಲಂಟಿಯರ್ಸ್ ಇಂಟರ್‌ನ್ಯಾಷನಲ್ ಅನ್ನುವ ಸಂಸ್ಥೆ ಇದೆ. 1969ರಲ್ಲಿ ಶುರುವಾದದ್ದು. ಅವರು ಉಕ್ಕಿನ ಕಂಬ, ತೊಲೆ, ಶೀಟುಗಳನ್ನು ಅಳತೆಗೆ ಕತ್ತರಿಸಿ ತಂದು ಒಂದೇ ದಿನದಲ್ಲಿ ಜೋಡಿಸುವ ಚರ್ಚಿನ ಮಾದರಿಯನ್ನು ಬಳಸುತ್ತಾರೆ. ಚಪ್ಪರ ಹಾಕಿದ ಹಾಗೆ. ಗೋಡೆಯನ್ನು ಊರವರು ತಮ್ಮ ಕೈಗೆ ಸಿಕ್ಕಿದ ಸಾಮಾನಿನಲ್ಲಿ ಆಮೇಲೆ ಕಟ್ಟಿಕೊಳ್ಳಬಹುದು.

ಸೈಟಿನಲ್ಲಿ ನಿಜವಾಗಿ ಏನು ನಡೆಯುತ್ತದೆ ಅನ್ನುವುದಕ್ಕೆ ಒಂದೇ ಕೆಲಸ ಹತ್ತಿರದಿಂದ ನೋಡೋಣ. ಕಾಂಕ್ರೀಟ್ ಕಲಸುವುದು. ಎಷ್ಟೋ ಕಡೆ ಮಿಕ್ಸರ್ ಇರುವುದಿಲ್ಲ. ನೆಲದ ಮೇಲೆ ಮರಳು, ಅದರ ಮೇಲೆ ಸಿಮೆಂಟು ಸುರಿದು ಬಣ್ಣ ಒಂದೇ ಆಗುವವರೆಗೆ ಗುದ್ದಲಿಯಿಂದ ಮಗುಚಬೇಕು. ಜಲ್ಲಿ ಸೇರಿಸಿ ಮತ್ತೆ ಮಗುಚಬೇಕು. ರಾಶಿಯ ನಡುವೆ ಬಾವಿಯ ಹಾಗೆ ಗುಂಡಿ ಮಾಡಿ ನೀರು ಬಿಟ್ಟು, ಅಂಚಿನಿಂದ ಒಳಕ್ಕೆ ಎಳೆದು ಎಳೆದು ಕಲಸಬೇಕು. ಹತ್ತು ನಿಮಿಷಕ್ಕೆ ತೋಳು ಬಿದ್ದುಹೋಗುತ್ತದೆ. ಆಗ ಹೊಸಬರು ಮಾಡುವ ಕೆಲಸ ಒಂದೇ: ಇನ್ನೊಂದು ಬಕೆಟ್ ನೀರು ಹುಯ್ಯುವುದು. ನೀರು ಜಾಸ್ತಿಯಾದರೆ ಕಲಸುವುದು ಸುಲಭ, ಕಾಂಕ್ರೀಟ್ ಗಂಜಿಯ ಹಾಗೆ ಹರಿಯುತ್ತದೆ. ಆದರೆ ಹಾಗೆ ಸೇರಿದ ಜಾಸ್ತಿ ನೀರು ಆಮೇಲೆ ಆರಿಹೋಗಿ ಒಳಗೆ ಸಣ್ಣ ಸಣ್ಣ ತೂತು ಬಿಟ್ಟುಹೋಗುತ್ತದೆ. ಅಷ್ಟರಮಟ್ಟಿಗೆ ಕಾಂಕ್ರೀಟು ಸೊರಗುತ್ತದೆ. 50 ಕೆಜಿಯ ಒಂದು ಚೀಲ ಸಿಮೆಂಟಿಗೆ 25ರಿಂದ 30 ಲೀಟರ್ ನೀರು ಸಾಕು. ಒಳ್ಳೆಯ ಮೇಸ್ತ್ರಿ ಬಕೆಟ್ಟನ್ನು ತನ್ನ ಕಾಲ ಬಳಿಯೇ ಇಟ್ಟುಕೊಳ್ಳುತ್ತಾನೆ. ಯಾರಿಗೂ ಕೊಡುವುದಿಲ್ಲ.

## ಕಾಂಕ್ರೀಟಿಗೆ 28 ದಿನ ಬೇಕು

ಇದು ಈ ಲೇಖನದ ಮುಖ್ಯ ಭಾಗ. ಮನೆ ಕಟ್ಟಿಸಿದವರಿಗೆ ಗೊತ್ತಿರುತ್ತದೆ, ಉಳಿದವರಿಗಾಗಿ ಹೇಳುತ್ತೇನೆ.

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ತಪ್ಪು. ಸಿಮೆಂಟು ನೀರಿನ ಜೊತೆ ಸೇರಿ ರಾಸಾಯನಿಕವಾಗಿ ಬದಲಾಗುತ್ತದೆ, ಅದರಿಂದ ಗಟ್ಟಿಯಾಗುತ್ತದೆ. ಈ ಬದಲಾವಣೆ ನಡೆಯುತ್ತಿರುವಷ್ಟು ದಿನ ಒಳಗೆ ತೇವ ಇರಲೇಬೇಕು. ಮೂರು ದಿನಕ್ಕೆ ಸುಮಾರು 40 ಪರ್ಸೆಂಟ್ ಶಕ್ತಿ ಬರುತ್ತದೆ. 7 ದಿನಕ್ಕೆ ಮೂರರಲ್ಲಿ ಎರಡು ಪಾಲು. ಎಂಜಿನಿಯರು ಲೆಕ್ಕ ಹಾಕಿದ ಪೂರ್ತಿ ಶಕ್ತಿಗೆ 28 ದಿನ. ಕಡಿಮೆ ಅಂದರೂ ಮೊದಲ 7 ದಿನ ಬೆಳಿಗ್ಗೆ ಸಂಜೆ ನೀರು ಹೊಡೆಯಬೇಕು. ಇದನ್ನೇ ಕ್ಯೂರಿಂಗ್ ಅನ್ನುವುದು. ಬಾಣಂತನದ ಹಾಗೆ ಇದು. ಹುಟ್ಟಿದ ಮೇಲಿನ ಆರೈಕೆ ತಪ್ಪಿದರೆ ಆಮೇಲೆ ಎಷ್ಟು ಮಾಡಿದರೂ ಆ ಕೊರತೆ ತುಂಬುವುದಿಲ್ಲ.

ಈಗ ತಂಡದ ವೇಳಾಪಟ್ಟಿ ನೋಡಿ. ಭಾನುವಾರ ಇಳಿದರು. ಸೋಮವಾರದಿಂದ ಕೆಲಸ. ಗುರುವಾರ ಕಾಂಕ್ರೀಟ್ ಹಾಕಿದರು. ಶುಕ್ರವಾರ ಬಣ್ಣ, ಬೀಗದ ಕೈ ಕೊಡುವ ಸಮಾರಂಭ, ಎಲ್ಲರ ಕಣ್ಣಲ್ಲೂ ನೀರು. ಶನಿವಾರ ವಿಮಾನ. ಆ ವಿಮಾನ ಏರುವ ಹೊತ್ತಿಗೆ ಕಾಂಕ್ರೀಟಿಗೆ ಎರಡು ದಿನದ ವಯಸ್ಸು.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಡಿಪ್ಲೊಮಾದಲ್ಲಿದ್ದಾಗ ಹಾಸನದ ಕಡೆ ಒಂದು ಹಳ್ಳಿಯಲ್ಲಿ ನಮ್ಮ ಎನ್‌ಎಸ್‌ಎಸ್ ಕ್ಯಾಂಪಿತ್ತು. ಅರಳಿಮರದ ಕಟ್ಟೆ ಪೂರ್ತಿ ಕೆಟ್ಟುಹೋಗಿತ್ತು. ಕಲ್ಲು ಹೊತ್ತು, ಗಾರೆ ಕಲಸಿ, ಐದು ದಿನದಲ್ಲಿ ಕಟ್ಟೆ ಕಟ್ಟಿದೆವು. ಆರನೇ ದಿನ ಸುಣ್ಣ ಬಳಿದೆವು. ಏಳನೇ ದಿನ ಊರಿನ ಹಿರಿಯರು ಎಲ್ಲರಿಗೂ ಕಾಯಿ ಹೋಳಿಗೆ ಊಟ ಹಾಕಿ ಕಳಿಸಿದರು. ಅದು ಏಪ್ರಿಲ್ ಬಿಸಿಲು. ಮುಂದಿನ ವರ್ಷ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಇಳಿದು ನೋಡಿದೆ. ಮೂಡಣ ಮೂಲೆ ಕಳಚಿಕೊಂಡಿತ್ತು. ಬೆರಳಲ್ಲಿ ಉಜ್ಜಿದರೆ ಗಾರೆ ಹಿಟ್ಟಿನ ಹಾಗೆ ಉದುರಿತು. ಕಟ್ಟೆಗೆ ನೀರು ಹೊಡೆಯಬೇಕು ಅಂತ ನಾವು ಊರಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಹೇಳಿದ್ದರೆ ಹೊಡೆಯುತ್ತಿದ್ದರು. ಅಷ್ಟು ಪ್ರೀತಿಯಿಂದ ಊಟ ಹಾಕಿದವರು ನಾಲ್ಕು ಕೊಡ ನೀರು ಹಾಕುತ್ತಿರಲಿಲ್ವಾ? ಇವತ್ತಿಗೂ ಯಾವುದೇ ಸೈಟಿಗೆ ಹೋದರೆ ನಾನು ಮೊದಲು ಕೇಳುವುದು, ನೀರು ಹೊಡೆಯೋರು ಯಾರು ಅಂತ.

## ಗೋಡೆ ಎಲ್ಲಿ ಕೈಕೊಡುತ್ತದೆ?

ಬ್ಲಾಕಿನ ಮೇಲೆ ಬ್ಲಾಕು ಇಟ್ಟರೆ ಗೋಡೆ, ಇದರಲ್ಲೇನಿದೆ ಅಂತ ಅನಿಸಬಹುದು. ಪ್ರತಿ ವರಸೆಗೂ, ಅಂದರೆ ಬ್ಲಾಕಿನ ಒಂದೊಂದು ಸಾಲಿಗೂ ದಾರ ಕಟ್ಟಿ, ರಸಮಟ್ಟ ಇಟ್ಟು, ತೂಕದ ಗುಂಡು ಬಿಟ್ಟು ನೋಡಬೇಕು. ಒಂದು ವರಸೆಯಲ್ಲಿ ಕೂದಲೆಳೆಯಷ್ಟು ವಾಲಿದರೆ ಹತ್ತನೇ ವರಸೆಗೆ ಅದು ಕಣ್ಣಿಗೆ ಕಾಣುತ್ತದೆ. ಮೇಲಿನ ವರಸೆಯ ಸಂದು ಕೆಳಗಿನ ಸಂದಿನ ನೇರಕ್ಕೆ ಬರಬಾರದು. ಬಂದರೆ ಅಲ್ಲೇ ಬಿರುಕು.

ಭೂಕಂಪದ ನಾಡಿನಲ್ಲಿ ಇಷ್ಟೂ ಸಾಲದು. ಭೂಮಿ ಅಡ್ಡಡ್ಡ ಅಲ್ಲಾಡಿದಾಗ ಬರೀ ಬ್ಲಾಕಿನ ಗೋಡೆ ಇಸ್ಪೀಟಿನ ಮನೆಯ ಹಾಗೆ. ಅದಕ್ಕೇ ಮೂಲೆ ಮೂಲೆಗೆ ಕಬ್ಬಿಣದ ಕಂಬಿ ಹಾಕಿ ಕಾಂಕ್ರೀಟ್ ಕಂಬ ನಿಲ್ಲಿಸುತ್ತಾರೆ. ಗೋಡೆಯ ಕೆಳಗೂ ಮೇಲೂ ಪಟ್ಟಿಯ ಹಾಗೆ ಕಾಂಕ್ರೀಟ್ ತೊಲೆ ಸುತ್ತುತ್ತಾರೆ. ಹೊರೆಯನ್ನು ಹಗ್ಗದಿಂದ ನಾಲ್ಕೂ ಕಡೆ ಬಿಗಿದ ಹಾಗೆ. ಕಂಬದೊಳಗಿನ ಕಂಬಿಗಳನ್ನು ಹಿಡಿದಿಡುವುದು ಚೌಕದ ರಿಂಗುಗಳು. ಒಂದೊಂದು ರಿಂಗನ್ನೂ ಬೈಂಡಿಂಗ್ ವೈರಿನಿಂದ ತಿರುಚಿ ಕಟ್ಟಬೇಕು. ಈ ಕೆಲಸವನ್ನು ವಾಲಂಟಿಯರ್‌ಗಳಿಗೆ ಕೊಡುವುದುಂಟು, ಯಾಕೆಂದರೆ ಕೂತು ಮಾಡಬಹುದು, ತಪ್ಪಾದರೆ ಕಾಂಕ್ರೀಟ್ ಸುರಿಯುವ ಮೊದಲೇ ಬಿಚ್ಚಿ ಕಟ್ಟಬಹುದು. ಆದರೆ ರಿಂಗುಗಳ ನಡುವೆ ಎಷ್ಟು ಅಂತರ ಇರಬೇಕು ಅನ್ನುವುದನ್ನು ಹೇಳಬೇಕಾದವನು ಮೇಸ್ತ್ರಿ. ಈ ಒಂದು ಅಳತೆಯ ಮೇಲೆ ಜೀವ ನಿಂತಿರುತ್ತದೆ ಅಂದರೆ ಉತ್ಪ್ರೇಕ್ಷೆಯಲ್ಲ.

ಮೇಸ್ತ್ರಿಯ ಕೈಯಲ್ಲಿ ಇರಬೇಕಾದ ಕೆಲಸ ಹೊಸಬರ ಕೈಗೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಪಿಪ್ಪಾ ಬಿಡಲ್ ಅನ್ನುವ ಅಮೆರಿಕದ ಬರಹಗಾರ್ತಿ 2014ರಲ್ಲಿ ಬರೆದ ಅನುಭವ ತುಂಬಾ ಜನರನ್ನು ತಟ್ಟಿತು. ಹೈಸ್ಕೂಲಿನಲ್ಲಿದ್ದಾಗ ತಾಂಜಾನಿಯಾಕ್ಕೆ ಗ್ರಂಥಾಲಯ ಕಟ್ಟಲು ಹೋಗಿದ್ದರು. ಅದು ಶಾಲೆಯ ಪ್ರವಾಸ, ಚರ್ಚಿನದ್ದಲ್ಲ. ಹುಡುಗಿಯರು ಹಗಲೆಲ್ಲ ಇಟ್ಟಿಗೆ ಜೋಡಿಸುವರು. ಅದು ಎಷ್ಟು ಕೆಟ್ಟದಾಗಿರುತ್ತಿತ್ತು ಅಂದರೆ ಸ್ಥಳೀಯ ಕೆಲಸದವರು ರಾತ್ರಿ ಅದನ್ನೆಲ್ಲ ಕಿತ್ತು, ಸರಿಯಾಗಿ ಮತ್ತೆ ಕಟ್ಟಿ, ಬೆಳಿಗ್ಗೆ ಏನೂ ಆಗಿಲ್ಲದ ಹಾಗೆ ಇರುತ್ತಿದ್ದರು. ಹುಡುಗಿಯರ ಮನಸ್ಸು ನೋಯಬಾರದು ಅಂತ. ನನಗೆ ಈ ಕತೆಯಲ್ಲಿ ಕಾಡುವುದು ಆ ಕೆಲಸದವರು. ನಿದ್ದೆ ಕೆಟ್ಟು ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ.

## ಹೊಂಡುರಾಸ್‌ನ ಲೆಕ್ಕ

ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಎರಡು ರೀತಿಯಲ್ಲಿ ಮನೆಗಳು ಎದ್ದವು. ಕೆಲವನ್ನು ಉತ್ತರ ಅಮೆರಿಕದಿಂದ ಬಂದ ಚರ್ಚಿನ ತಂಡಗಳು ಕಟ್ಟಿದವು. ಕೆಲವನ್ನು ಅಲ್ಲಿನ ಕ್ರೈಸ್ತ ಸಂಸ್ಥೆಗಳೇ ಕಟ್ಟಿದವು. ಕ್ಯಾಲ್ವಿನ್ ಕಾಲೇಜಿನ ಸಮಾಜಶಾಸ್ತ್ರಜ್ಞ ಕರ್ಟ್ ವರ್ ಬೀಕ್ ಹೊಂಡುರಾಸ್‌ನಲ್ಲೇ ವಾಸ ಮಾಡುತ್ತಿದ್ದವರು. ಅವರು ಎರಡೂ ಕಡೆಯ ಮನೆಯವರನ್ನು, ಬಂದು ಹೋದ ವಾಲಂಟಿಯರ್‌ಗಳನ್ನು ಮಾತಾಡಿಸಿ 2006ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು.

ಒಂದು ಮನೆಯ ಖರ್ಚು ಸುಮಾರು 2,000 ಡಾಲರ್. ಒಂದು ತಂಡ ಬಂದು ಹೋಗುವ ಖರ್ಚು ಸುಮಾರು 30,000 ಡಾಲರ್. ಅಂದರೆ 15 ಮನೆಯ ದುಡ್ಡು. ಮನೆ ಯಾರು ಕಟ್ಟಿದರು ಅನ್ನುವುದರಿಂದ ಆ ಕುಟುಂಬಗಳ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಂದವರ ಸ್ನೇಹ ಇಷ್ಟವಾಯಿತು, ಆದರೆ ಅದೇ ದುಡ್ಡು ಕಳಿಸಿದ್ದರೆ ಇನ್ನೂ ಎಷ್ಟೋ ಮನೆ ಆಗುತ್ತಿತ್ತು ಅನ್ನುವುದು ಅಲ್ಲಿನವರ ಮಾತು. ಹೋಗಿ ಬಂದವರು ತಮ್ಮ ಬದುಕೇ ಬದಲಾಯಿತು ಅಂದರು. ಆದರೆ ಆಮೇಲಿನ ವರ್ಷಗಳಲ್ಲಿ ಅವರು ಕೊಡುವ ದಾನದಲ್ಲಿ, ಬದುಕುವ ರೀತಿಯಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ.

ಈ ಲೆಕ್ಕಕ್ಕೆ ಎದುರು ಮಾತೂ ಇದೆ, ಅದನ್ನೂ ಕೇಳಬೇಕು. ಮಗಳು ಹೋಗುತ್ತಾಳೆ ಅಂದಾಗ ಅಜ್ಜಿ ನೂರು ಡಾಲರ್ ಕೊಡುತ್ತಾಳೆ. ಸುಮ್ನೆ ಹೊಂಡುರಾಸ್‌ಗೆ ಕಳಿಸು ಅಂದರೆ ಕೊಡುತ್ತಾಳಾ? ಪ್ರಯಾಣವೇ ಇಲ್ಲದಿದ್ದರೆ ಆ 30,000 ಸೇರುತ್ತಲೇ ಇರಲಿಲ್ಲ ಅನ್ನುವವರಿದ್ದಾರೆ. ಅದರಲ್ಲಿ ನಿಜವಿದೆ. ನನ್ನ ಪ್ರಕಾರ ಇದರಿಂದ ತಿಳಿಯಬೇಕಾದ್ದು ಇಷ್ಟು: ಈ ಪ್ರಯಾಣದ ಹೆಚ್ಚಿನ ಖರ್ಚು ಹೋಗುವವರ ಕಲಿಕೆಗೆ. ಹಾಗಿರುವಾಗ ಕಲಿಯೋಕೆ ಹೋಗ್ತಿದ್ದೀನಿ ಅಂತಲೇ ಹೊರಡುವುದು ಒಳ್ಳೆಯದು.

## ಮನೆಯವರೂ ಕೈಹಾಕಿದರೆ

ಮಲೆನಾಡಿನಲ್ಲಿ ಮುಯ್ಯಾಳು ಅನ್ನುವ ಪದ್ಧತಿಯಿದೆ. ಇವತ್ತು ನಮ್ಮ ಗದ್ದೆಗೆ ನೀವು ಬಂದರೆ ನಾಳೆ ನಿಮ್ಮ ಗದ್ದೆಗೆ ನಾವು. ಯಾರೂ ಯಾರಿಗೂ ಉಪಕಾರ ಮಾಡಿದ ಹಾಗಾಗುವುದಿಲ್ಲ. ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯ ಮೂಲ ವಿಚಾರ ಇದಕ್ಕೆ ಹತ್ತಿರ. ಮಿಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ 1973ರಲ್ಲಿ ಆಫ್ರಿಕದ ಜಾಯಿರ್‌ಗೆ, ಈಗಿನ ಕಾಂಗೋಗೆ ಹೋಗಿ ಮನೆ ಕಟ್ಟುವ ಕೆಲಸ ಮಾಡಿ ಬಂದು, 1976ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಇದನ್ನು ಶುರುಮಾಡಿದರು. ಮನೆ ದಾನವಲ್ಲ. ಲಾಭವಿಲ್ಲದ ಬೆಲೆ, ಬಡ್ಡಿಯಿಲ್ಲದ ಸಾಲ. ಮನೆ ಪಡೆಯುವ ಕುಟುಂಬ ತನ್ನ ಬೆವರನ್ನೂ ಹಾಕಬೇಕು. ತನ್ನ ಮನೆಯಷ್ಟೇ ಅಲ್ಲ, ಪಕ್ಕದವರ ಮನೆಗೂ.

ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 1984ರಿಂದ ಇವರ ಜೊತೆ ಸುತ್ತಿಗೆ ಹಿಡಿದರು. 2006ರಲ್ಲಿ ಅವರು ಬಂದದ್ದು ನಮ್ಮ ಪಕ್ಕದ ಮಹಾರಾಷ್ಟ್ರಕ್ಕೆ, ಲೋಣಾವಳ ಹತ್ತಿರದ ಮಳವಲಿಗೆ. ದೇಶ ವಿದೇಶದ ಸುಮಾರು 2,000 ವಾಲಂಟಿಯರ್‌ಗಳು ಸೇರಿ ಒಂದು ವಾರದಲ್ಲಿ 100 ಮನೆ ಎಬ್ಬಿಸಿದರು. ಕಾರ್ಟರ್ ಅವರ ತಾಯಿ ಲಿಲಿಯನ್ ಅರವತ್ತರ ದಶಕದಲ್ಲಿ ಪೀಸ್ ಕಾರ್ಪ್ಸ್ ಅನ್ನುವ ಅಮೆರಿಕ ಸರ್ಕಾರದ ಸ್ವಯಂಸೇವಾ ಸಂಸ್ಥೆಯ ಮೂಲಕ ಮುಂಬೈಯ ವಿಕ್ರೋಲಿಯಲ್ಲಿ ದುಡಿದವರು. ಆಗ ಅವರಿಗೆ 68 ದಾಟಿತ್ತು. ಸುಮಾರು ಎರಡು ವರ್ಷ ಇದ್ದರು. ತಾಯಿಯದ್ದು ಎರಡು ವರ್ಷ, ಮಗನದ್ದು ಒಂದು ವಾರ. ಎರಡಕ್ಕೂ ಬೆಲೆ ಇದೆ, ಆದರೆ ಎರಡೂ ಬೇರೆ.

ಇಲ್ಲಿ ಲಾರಿ ಬೇಕರ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಇಂಗ್ಲೆಂಡಿನಲ್ಲಿ ವಾಸ್ತುಶಿಲ್ಪ ಕಲಿತವರು. 1945ರಲ್ಲಿ ಕುಷ್ಠರೋಗಿಗಳ ಸೇವೆ ಮಾಡುವ ಮಿಷನ್ನಿನ ಜೊತೆ ಆಸ್ಪತ್ರೆ ಕಟ್ಟಡಗಳ ಕೆಲಸಕ್ಕೆ ಭಾರತಕ್ಕೆ ಬಂದರು. ಬಂದು ನೋಡಿದರೆ ಇಲ್ಲಿನ ಮಣ್ಣು, ಸಗಣಿ, ಕೆಂಪುಕಲ್ಲಿನ ಬಗ್ಗೆ ತಾನು ಕಲಿತದ್ದರಲ್ಲಿ ಏನೂ ಇಲ್ಲ. ಹಿಮಾಲಯದ ಪಿಥೋರಗಢದಲ್ಲಿ ವರ್ಷಗಟ್ಟಲೆ ಇದ್ದು, ಅಲ್ಲಿನವರು ತಲೆತಲಾಂತರದಿಂದ ಮನೆ ಕಟ್ಟುವ ರೀತಿ ನೋಡಿ ಹೊಸದಾಗಿ ಕಲಿತರು. ಆಮೇಲೆ ಕೇರಳದಲ್ಲಿ ಅವರು ಕಟ್ಟಿದ ಕಡಿಮೆ ಖರ್ಚಿನ ಮನೆಗಳನ್ನು ಸಿವಿಲ್ ಓದಿದ ನಾವೆಲ್ಲ ನೋಡಲು ಹೋಗುತ್ತೇವೆ. ಕಟ್ಟೋಕೆ ಬಂದವರು ಮೊದಲು ಕೂತು ನೋಡಿದರು, ಆಮೇಲೆ ಕಟ್ಟಿದರು.

## ಕಳಿಸುವ ಮೊದಲು ಕೇಳಬೇಕಾದ್ದು

ಗೆಳತಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮೊದಲು ಕಾಗದಪತ್ರ. ಮಗಳ ಪಾಸ್‌ಪೋರ್ಟ್ ಭಾರತದ್ದು, ಅಮೆರಿಕದಲ್ಲಿರುವುದು ಎಚ್-4 (ಅಲ್ಲಿ ಕೆಲಸಕ್ಕೆ ಹೋದವರ ಕುಟುಂಬಕ್ಕೆ ಕೊಡುವ ವೀಸಾ) ಮೇಲೆ ಅಂದರೆ ದೇಶ ಬಿಟ್ಟು ವಾಪಸ್ ಬರಲು ಸಾಮಾನ್ಯವಾಗಿ ಪಾಸ್‌ಪೋರ್ಟಿನಲ್ಲಿ ಅವಧಿ ಮುಗಿಯದ ವೀಸಾ ಸ್ಟ್ಯಾಂಪ್ ಬೇಕು. ಎಷ್ಟೋ ಮನೆಗಳಲ್ಲಿ ಇರೋಕೆ ಅನುಮತಿ ಇರುತ್ತದೆ, ಸ್ಟ್ಯಾಂಪಿನ ಅವಧಿ ಮುಗಿದಿರುತ್ತದೆ. ಸಹಪಾಠಿಗಳಿಗೆ ಈ ತಾಪತ್ರಯ ಇಲ್ಲ, ತಂಡದವರಿಗೆ ಗೊತ್ತೂ ಇರುವುದಿಲ್ಲ. ನೀವೇ ವಕೀಲರನ್ನು ಕೇಳಿ. ಹೋಗುವ ದೇಶದ ವೀಸಾ ನಿಯಮವನ್ನೂ ನೋಡಿ.

ಇದರ ಉಲ್ಟಾ, ಅಲ್ಲಿನವರು ನಮ್ಮಲ್ಲಿಗೆ ಬರುವುದಾದರೆ ಭಾರತದ ಇ-ಟೂರಿಸ್ಟ್ ವೀಸಾದಲ್ಲಿ ಒಂದು ತಿಂಗಳವರೆಗೆ, ಸಂಬಳ ಗೌರವಧನ ಏನೂ ಇಲ್ಲದ ಸ್ವಯಂಸೇವೆಗೆ ಅವಕಾಶವಿದೆ. ಧರ್ಮಪ್ರಚಾರಕ್ಕೆ ಅದು ನಡೆಯುವುದಿಲ್ಲ, ಅದಕ್ಕೆ ಮಿಷನರಿ ವೀಸಾ ಅಂತಲೇ ಬೇರೆ ಇದೆ.

ಆಮೇಲೆ ಕಟ್ಟಡದ ಪ್ರಶ್ನೆಗಳು. ಈ ಮನೆ ಬೇಕು ಅಂತ ಮೊದಲು ಹೇಳಿದವರು ಯಾರು, ಅಲ್ಲಿನವರಾ, ನೀವಾ? ಜಾಗದ ಹಕ್ಕುಪತ್ರ ಯಾರ ಹೆಸರಲ್ಲಿದೆ? ಸೈಟಿನಲ್ಲಿ ಕೊನೆಯ ಮಾತು ಯಾರದ್ದು, ತಂಡದ ನಾಯಕನದ್ದಾ, ಅಲ್ಲಿನ ಮೇಸ್ತ್ರಿಯದ್ದಾ? ಮೇಸ್ತ್ರಿಗೆ ಸರಿಯಾದ ಕೂಲಿ ಕೊಡುತ್ತೀರಾ? ಸಿಮೆಂಟು, ಬ್ಲಾಕು ಅದೇ ಊರಿನ ಅಂಗಡಿಯಿಂದ ತರುತ್ತೀರಾ? ಮಕ್ಕಳನ್ನು ಏಣಿ ಹತ್ತಿಸುತ್ತೀರಾ, ಹತ್ತಿಸಿದರೆ ಹೆಲ್ಮೆಟ್ ಇದೆಯಾ? ಸಿಮೆಂಟ್ ಕಲಸಲು ಗ್ಲೌಸ್ ಕೊಡುತ್ತೀರಾ? ಹಸಿ ಸಿಮೆಂಟು ಚರ್ಮ ಸುಡುತ್ತದೆ ಅನ್ನುವುದು ಬರಿಗೈಯಲ್ಲಿ ಕಲಸಿದವರಿಗಷ್ಟೇ ಗೊತ್ತು. ಹತ್ತಿರದ ಆಸ್ಪತ್ರೆ ಎಷ್ಟು ದೂರ? ಇವಕ್ಕೆಲ್ಲ ತಡವರಿಸದೆ ಉತ್ತರ ಬಂದರೆ ಆ ತಂಡ ಕೆಲಸ ಗೊತ್ತಿರುವ ತಂಡ.

ಕೊನೆಗೆ ನನ್ನ ಒಂದು ಪ್ರಶ್ನೆ ಸೇರಿಸಿದ್ದೆ. ನೀವು ವಾಪಸ್ ಬಂದ ಮೇಲೆ ನೀರು ಹೊಡೆಯೋರು ಯಾರು?

ಮೊನ್ನೆ ಗೆಳತಿ ಮತ್ತೆ ಫೋನ್ ಮಾಡಿದ್ದಳು. ಮಗಳು ತಂಡದ ನಾಯಕಿಯನ್ನು ಕೇಳಿದಳಂತೆ. ಆಕೆ ಗ್ವಾಟೆಮಾಲಾದ ಮೇಸ್ತ್ರಿಗೆ ಮೆಸೇಜ್ ಮಾಡಿದ್ದಾರೆ. ಮೇಸ್ತ್ರಿಯ ಉತ್ತರ ಬಂತಂತೆ: ನೆಲಕ್ಕೆ ತಾನು ಗೋಣಿಚೀಲ ಹಾಸಿ ಹೋಗುತ್ತೇನೆ, ಆ ಮನೆಗೆ ಬರುವ ಅಜ್ಜಿ ಬೆಳಿಗ್ಗೆ ಒಂದು ಸಲ, ಬಿಸಿಲು ಇಳಿದ ಮೇಲೆ ಒಂದು ಸಲ ಅದನ್ನು ನೆನೆಸುತ್ತಾರೆ, ಹಿಂದಿನ ಸಲ ಮಗನ ಮನೆಗೂ ಅವರೇ ನೆನೆಸಿದ್ದು.

"ಹಾಗಾದ್ರೆ ಕಳಿಸಲಾ?" ಅಂದಳು.

"ಕಳಿಸು. ಗ್ಲೌಸ್ ಮಾತ್ರ ಮನೆಯಿಂದಲೇ ಎರಡು ಜೊತೆ ಹಾಕಿ ಕಳಿಸು" ಅಂದೆ.